ಬಸವನಹುಳು ಮೊದಲು, ಮೀನು ಕೊನೆಗೆ: ಮಡಿಕೇರಿಯ ಮೆದು ನೀರಿನಲ್ಲಿ ಪಫರ್ ತೊಟ್ಟಿ

ತೊಟ್ಟಿ 30 ಇಂಚು ಉದ್ದ, 15 ಅಗಲ, 15 ಎತ್ತರ. ಗಾಜು 8 ಮಿ.ಮೀ. ದಪ್ಪ. ಇದರೊಳಗೆ ಗಿಡ ಬೆಳೆಸಿ, ಗಾಬರಿಯಾದರೆ ಮೈ ಉಬ್ಬಿಸುವ ಪಫರ್ ಮೀನು ಆರು ಸಾಕಬೇಕು. ಜಾಗ ಮಡಿಕೇರಿ ಹತ್ತಿರದ ಮನೆ, ನೀರು ಬಾವಿಯದು, ಸುತ್ತ ಕಾಫಿ ತೋಟ. ಕೆಲಸ ಶುರುವಾದದ್ದು ಫೆಬ್ರವರಿ ಮೊದಲ ವಾರ, ಮೀನು ತೊಟ್ಟಿಗೆ ಇಳಿದದ್ದು ಏಪ್ರಿಲ್ ಕೊನೆಗೆ. ನಡುವಿನ ಹನ್ನೆರಡು ವಾರ ಏನು ಮಾಡಿದ್ದು, ಯಾಕೆ ಅಷ್ಟು ದಿನ ಬೇಕಾಯಿತು ಅನ್ನುವುದೇ ಈ ಬರಹ.

ಪಫರ್ ಸಾಕಲು ಹೊರಟವರು ಸೋಲುವುದು ಕೆಲಸದ ಕ್ರಮ ತಪ್ಪಿ. ಅಂಗಡಿಯಲ್ಲಿ ಉರುಟು ಮುಖದ, ಕಣ್ಣು ಹೊರಳಿಸುವ ಪುಟ್ಟ ಮೀನು ಕಾಣುತ್ತದೆ, ಕೊಂಡು ತರುತ್ತಾರೆ. ಅದು ಅಂಗಡಿಯ ಒಣ ಕಾಳು ತಿನ್ನುವುದಿಲ್ಲ, ಬಸವನಹುಳು ಬೇಕು ಅಂತ ಗೊತ್ತಾಗುವುದು ಮೂರನೇ ದಿನ. ಬಸವನಹುಳು ಹುಡುಕುವಷ್ಟರಲ್ಲಿ ಹೊಟ್ಟೆ ಒಳಕ್ಕೆ ಹೋಗಿರುತ್ತದೆ. ಕೊಡಗಿನಲ್ಲಿ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಇಲ್ಲಿನ ಬಾವಿ, ಊಟೆ, ತೋಡಿನ ನೀರು ಎಷ್ಟು ಮೆದುವೆಂದರೆ ಮೀನಿಗಿಂತ ಮೊದಲು ಬಸವನಹುಳುವೇ ಸಾಯುತ್ತದೆ.

ಯಾವ ಪಫರ್

ಅಂಗಡಿಯಲ್ಲಿ "ಫ್ರೆಶ್‌ವಾಟರ್ ಪಫರ್" ಎಂದು ಚೀಟಿ ಅಂಟಿಸಿದ ತೊಟ್ಟಿಯಲ್ಲಿ ಹೆಚ್ಚಾಗಿ ಇರುವುದು ಹಸಿರು ಚುಕ್ಕೆ ಪಫರ್, ಡೈಕೊಟೊಮಿಕ್ಟಿರೆ ನಿಗ್ರೊವಿರಿಡಿಸ್. ಅಳಿವೆಯ ಮೀನು. ಮರಿಯಾಗಿದ್ದಾಗ ಸಿಹಿನೀರಿನಲ್ಲಿ ಬದುಕಿದ ಹಾಗೆ ಕಂಡರೂ ಬೆಳೆಯುತ್ತ ಹೋದಂತೆ ಉಪ್ಪುನೀರು ಬೇಕೇ ಬೇಕು. 15 ಸೆಂ.ಮೀ. ದಾಟುತ್ತದೆ. ಅದಕ್ಕೆ ಬೇಕಾದಷ್ಟು ಉಪ್ಪು ಹಾಕಿದರೆ ತೊಟ್ಟಿಯ ಗಿಡಗಳೆಲ್ಲ ಕರಗುತ್ತವೆ. ಎಂಟರ ಆಕಾರದ ಗೆರೆಯಿರುವ ಫಿಗರ್ ಎಯ್ಟ್ ಪಫರ್ ಸುಮಾರು 8 ಸೆಂ.ಮೀ.ಗೆ ನಿಲ್ಲುತ್ತದೆ, ಉಪ್ಪೂ ಕಡಿಮೆ ಸಾಕು, ಆದರೂ ಗಿಡದ ತೊಟ್ಟಿಗೆ ಹೊಂದುವುದಿಲ್ಲ.

ಪೂರ್ತಿ ಸಿಹಿನೀರಿನವೂ ಇವೆ. ಆಫ್ರಿಕಾದ ಫಹಾಕ 40 ಸೆಂ.ಮೀ. ದಾಟುತ್ತದೆ, ಎಂಬು ಅದಕ್ಕಿಂತಲೂ ದೊಡ್ಡದು. ಬೆರಳುದ್ದದ ಮರಿ ನೋಡಿ ಕೊಂಡವರ ಮನೆಯಲ್ಲಿ ಅದಕ್ಕೆ ಕೋಣೆಯಷ್ಟು ತೊಟ್ಟಿ ಬೇಕಾಗುತ್ತದೆ. ಅಮೆಜಾನ್ ಪಫರ್, ಕೊಲೊಮೆಸಸ್ ಅಸೆಲ್ಲಸ್, ಗುಂಪಿನಲ್ಲಿ ಸದಾ ಓಡಾಡುವ ಹೊಳೆಮೀನು. ಗಿಡಕ್ಕೆ ತೊಂದರೆ ಕೊಡದು. ಆದರೆ ಅದರ ಹಲ್ಲು ಎಷ್ಟು ಬೇಗ ಬೆಳೆಯುತ್ತದೆಂದರೆ ಗಟ್ಟಿ ಚಿಪ್ಪು ಸಿಗದಿದ್ದರೆ ಬಾಯಿ ಮುಚ್ಚಿಹೋಗಿ ತಿನ್ನಲಾಗುವುದಿಲ್ಲ, ಕೈಯಲ್ಲಿ ಹಿಡಿದು ಕತ್ತರಿಸಬೇಕಾಗುತ್ತದೆ. 30 ಇಂಚಿನ ತೊಟ್ಟಿ ಅದಕ್ಕೆ ಸಾಲದು. ನಮ್ಮ ದೇಶದ್ದೇ ಆದ ಲೈಯೊಡಾನ್ ಕಟ್‌ಕುಟಿಯ ಗಂಗಾ, ಬ್ರಹ್ಮಪುತ್ರ ಬಯಲಿನ ಗಟ್ಟಿಮುಟ್ಟಾದ ಮೀನು. ಜಗಳಗಂಟಿ, ಒಂದನ್ನೇ ಸಾಕಬೇಕು.

ಉಳಿದದ್ದು ಪೀ ಪಫರ್, ಕ್ಯಾರಿನೊಟೆಟ್ರಾಡಾನ್ ಟ್ರಾವಂಕೋರಿಕಸ್. ಪೂರ್ತಿ ಬೆಳೆದರೂ 3.5 ಸೆಂ.ಮೀ. ದಾಟದು. ಹೋರಾ ಮತ್ತು ನಾಯರ್ 1941ರಲ್ಲಿ ವಿವರಿಸಿದ ಈ ಮೀನು ಪಶ್ಚಿಮ ಘಟ್ಟದ್ದು, ಕೇರಳ ಮತ್ತು ದಕ್ಷಿಣ ಕರ್ನಾಟಕದ ಹೊಳೆಗಳದ್ದು. ಜೀವನವಿಡೀ ಸಿಹಿನೀರು. ಗಿಡ ದಟ್ಟವಾಗಿದ್ದಷ್ಟೂ ಅದಕ್ಕೆ ನೆಮ್ಮದಿ. ಇದನ್ನೇ ಹೋಲುವ ಇನ್ನೊಂದು ಜಾತಿ, ಕ್ಯಾರಿನೊಟೆಟ್ರಾಡಾನ್ ಇಮಿಟೇಟರ್, 1999ರಲ್ಲಷ್ಟೇ ಬೇರೆಯೆಂದು ಗುರುತಾಯಿತು. ಅದೂ ನೈರುತ್ಯ ಭಾರತದ್ದೇ. ಸಾಕುವ ಕ್ರಮ ಎರಡಕ್ಕೂ ಒಂದೇ.

ಘಟ್ಟದ ಮೀನಲ್ಲವೇ, ಮಡಿಕೇರಿಯ ಚಳಿ ತಡೆದೀತು ಅಂದುಕೊಂಡರೆ ಮೋಸ. ಅದರ ಊರು ಘಟ್ಟದ ಬುಡದ ಬೆಚ್ಚನೆಯ ಹೊಳೆಗಳು. 22 ಡಿಗ್ರಿಗಿಂತ ಕೆಳಗೆ ಇಳಿದರೆ ತಿನ್ನುವುದು ಕಡಿಮೆ ಮಾಡುತ್ತದೆ, ದಿನವಿಡೀ ಮೂಲೆಯಲ್ಲಿ ಕೂರುತ್ತದೆ. 24ರಿಂದ 26 ಇಟ್ಟುಕೊಳ್ಳಬೇಕು.

ಅಂಗಡಿಯಲ್ಲಿ ಹಸಿರು ಚುಕ್ಕೆಯ ಮರಿಗೂ ಪೀ ಪಫರ್‌ಗೂ ವ್ಯತ್ಯಾಸ ತಿಳಿಯಲು ಪಕ್ಕೆ ನೋಡಿ. ಹಸಿರು ಚುಕ್ಕೆಯದರ ಬೆನ್ನು ಮಿಂಚುವ ಹಸಿರು, ಅದರ ಮೇಲೆ ಅಚ್ಚೊತ್ತಿದಂತೆ ಉರುಟು ಕಪ್ಪು ಚುಕ್ಕೆ, ಹೊಟ್ಟೆ ಬಿಳಿ. ಪೀ ಪಫರ್ ಹಳದಿ ಕಂದು, ಅದರ ಮಚ್ಚೆಗಳಿಗೆ ಆಕಾರವಿಲ್ಲ, ಪಕ್ಕೆಯ ನಡುವೆ ಒಂದು ದೊಡ್ಡ ಕಪ್ಪು ಮಚ್ಚೆ ಎದ್ದು ಕಾಣುತ್ತದೆ.

ದಿನ 1: ನೀರಿನ ಪರೀಕ್ಷೆ

ಆಗತಾನೆ ಸೇದಿದ ಬಾವಿ ನೀರು: ಪಿಎಚ್ 6.2, ಜಿಎಚ್ (ಕ್ಯಾಲ್ಸಿಯಂ, ಮೆಗ್ನೀಸಿಯಂನಿಂದ ಬರುವ ಗಡಸುತನ) 1, ಕೆಎಚ್ (ಹುಳಿ ತಡೆಯುವ ಬೈಕಾರ್ಬೊನೇಟ್ ಅಳತೆ) 1, ಟಿಡಿಎಸ್ (ಕರಗಿದ ಲವಣಗಳ ಒಟ್ಟು) 35. ಅದೇ ನೀರಿಗೆ ಒಂದು ದಿನ ಗಾಳಿ ಕೊಟ್ಟ ಮೇಲೆ ಪಿಎಚ್ 6.8. ನೆಲದೊಳಗಿನ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರುವುದರಿಂದ ಸೇದಿದ ಕೂಡಲೇ ಹುಳಿ ತೋರಿಸುತ್ತದೆ. ಹಾಗಾಗಿ ಪಿಎಚ್ ಅಳೆಯುವುದಿದ್ದರೆ ಮಾರನೇ ದಿನ ಅಳೆಯಬೇಕು.

ಮಳೆನೀರು ಇದಕ್ಕಿಂತಲೂ ಮೆದು. ಅದರಲ್ಲೂ ತಗಡಿನ ಮಾಡಿನಿಂದ ಇಳಿದ ನೀರಿನಲ್ಲಿ ಸತುವು ಇರುತ್ತದೆ, ತೊಟ್ಟಿಗೆ ಬೇಡ. ತೋಡಿನ ನೀರನ್ನು ಡಿಸೆಂಬರಿನಿಂದ ಫೆಬ್ರವರಿವರೆಗೆ ಮುಟ್ಟಲೇಬಾರದು. ಅದು ಪಲ್ಪಿಂಗ್ ಕಾಲ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಕಾಲ, ಮೇಲಿನ ತೋಟದ ಪಲ್ಪರ್ ನೀರು ಎಲ್ಲಿ ಸೇರಿದೆಯೋ ಹೇಳಲಾಗದು.

ಬಸವನಹುಳು ಟಬ್

ತೊಟ್ಟಿಗೆ ಮರಳು ತರುವ ಮೊದಲೇ ಇದು ಶುರುವಾಗಬೇಕು. ಎರಡು ಟಬ್, ತಲಾ 20 ಲೀಟರ್. ಹೊಸ ಟಬ್ಬೇ ಆಗಲಿ. ತೋಟದಲ್ಲಿ ಸ್ಪ್ರೇಗೆ ಬಳಸಿದ ಡ್ರಮ್, ಬಕೆಟ್, ಮಗ್ ಯಾವುದೂ ಕೂಡದು, ಎಷ್ಟು ತೊಳೆದರೂ ಕೂಡದು. ತೋಟಕ್ಕೆ ಹೊಡೆಯುವ ಮೈಲುತುತ್ತ, ಸುಣ್ಣದ ಔಷಧಿಯಾದ ಬೋರ್ಡೋದ ಒಂದು ಪರ್ಸೆಂಟ್ ದ್ರಾವಣದಲ್ಲಿ 100 ಲೀಟರಿಗೆ ಒಂದು ಕಿಲೋ ಮೈಲುತುತ್ತ ಇರುತ್ತದೆ, ಅಂದರೆ ಲೀಟರಿಗೆ 2.5 ಗ್ರಾಂ ತಾಮ್ರ. ಅದರ ಎರಡು ಚಮಚ, ಅಂದರೆ 10 ಮಿ.ಲೀ., 80 ಲೀಟರ್ ನೀರಿಗೆ ಬಿದ್ದರೆ ಲೀಟರಿಗೆ 0.3 ಮಿ.ಗ್ರಾಂ. ತಾಮ್ರ ಆಗುತ್ತದೆ. ಅಷ್ಟು ಸಾಕು, ಬಸವನಹುಳು ಒಂದೂ ಉಳಿಯುವುದಿಲ್ಲ. ಮೆದು ನೀರಿನಲ್ಲಿ ತಾಮ್ರದ ವಿಷ ಇನ್ನಷ್ಟು ಜೋರು.

ಸಾಕಬೇಕಾದವು ಎರಡು ಬಗೆ: ತೆಳು ಚಿಪ್ಪಿನ ಬ್ಲಾಡರ್ ಸ್ನೇಲ್, ಮತ್ತು ಚಕ್ಕುಲಿಯ ಹಾಗೆ ಚಪ್ಪಟೆಯಾಗಿ ಸುತ್ತಿಕೊಂಡ ರಾಮ್ಸ್‌ಹಾರ್ನ್. ಉದ್ದ ಮೊಳೆಯ ಹಾಗಿರುವ ಟ್ರಂಪೆಟ್ ಸ್ನೇಲ್ ಬೇಡ. ಅದರ ಚಿಪ್ಪು ಈ ಪುಟ್ಟ ಬಾಯಿಗೆ ಒಡೆಯುವುದಿಲ್ಲ, ಹಲ್ಲು ಸೀಳುವ ಸಾಧ್ಯತೆಯೂ ಇದೆ.

ಗದ್ದೆಯಲ್ಲಿ, ಕೆರೆಯಂಚಿನಲ್ಲಿ ಚಪ್ಪಟೆ ಬಸವನಹುಳು ಧಾರಾಳ ಸಿಗುತ್ತದೆ. ಆದರೆ ದನ ಇಳಿಯುವ ನೀರಿನ ಹುಳುವಿನೊಳಗೆ ದನದ ಯಕೃತ್ತು, ರಕ್ತನಾಳಗಳಿಗೆ ಹೋಗುವ ಚಪ್ಪಟೆ ಹುಳಗಳ ಮರಿ ಇರುತ್ತವೆ, ಅವು ಮನುಷ್ಯರ ಚರ್ಮಕ್ಕೂ ತುರಿಕೆ ತರುತ್ತವೆ. ದೊಡ್ಡ ಹುಳು ತರುವ ಬದಲು ಮೊಟ್ಟೆ ತನ್ನಿ. ಎಲೆಯ ಅಡಿಯಲ್ಲಿ ಅಂಟಿನ ಹನಿಯಂತೆ ಕೂತಿರುವ ಮೊಟ್ಟೆಗೊಂಚಲನ್ನು ಎಲೆಯ ಸಮೇತ ಕತ್ತರಿಸಿ, ಮೂರು ಬಾರಿ ಸ್ವಚ್ಛ ನೀರಿನಲ್ಲಿ ಅಲುಬಿ ಟಬ್ಬಿಗೆ ಹಾಕಿ. ಆ ಪರೋಪಜೀವಿಗಳು ಮೊಟ್ಟೆಯ ಮೂಲಕ ದಾಟುವುದಿಲ್ಲ, ಮರಿ ಒಡೆದ ಮೇಲೆ ಹೊರಗಿನ ನೀರಿನಿಂದ ಬಂದು ಸೇರುತ್ತವೆ. ಈ ಟಬ್ಬುಗಳಿಗೆ 25 ಗೊಂಚಲು ಹಾಕಿದ್ದು.

ಹದಿನೈದು ದಿನದಲ್ಲಿ ಮರಿಗಳು ಗಾಜಿನ ಮಣಿಯಂತೆ ಗೋಡೆ ತುಂಬ ಹರಡಿದವು. ಮೂರನೇ ವಾರ ಒಂದು ಟಬ್ಬಿನಲ್ಲಿ ಬೆಳವಣಿಗೆ ನಿಂತಿತು. ಭೂತಗನ್ನಡಿಯಲ್ಲಿ ನೋಡಿದರೆ ಚಿಪ್ಪಿನ ಸುರುಳಿ ಶುರುವಾಗುವ ನಡುಬಿಂದು ಸುಣ್ಣದಂತೆ ಬೆಳ್ಳಗಾಗಿದೆ, ಕೆಲವಕ್ಕೆ ಸೂಜಿಮೊನೆಯಷ್ಟು ತೂತು ಬಿದ್ದು ಒಳಗಿನ ಕೆಂಪು ಮೈ ಕಾಣುತ್ತಿದೆ. ಚಿಪ್ಪಿನ ಅಂಚು ಬೆರಳು ತಾಗಿದರೆ ಹಪ್ಪಳದ ಚೂರಿನಂತೆ ಮುರಿಯುತ್ತದೆ. ಆ ಟಬ್ಬಿಗೆ ಹೋದದ್ದು ಬರೀ ಬಾವಿ ನೀರು. ಇನ್ನೊಂದಕ್ಕೆ ಮೊದಲ ದಿನವೇ ಜಿಪ್ಸಂ ಹಾಕಿ ಜಿಎಚ್ 8ಕ್ಕೆ ತಂದಿದ್ದರಿಂದ ಅದರ ಹುಳುಗಳು ಎರಡರಷ್ಟು ದೊಡ್ಡದಾಗಿದ್ದವು, ಚಿಪ್ಪು ಕಂದು, ನುಣುಪು. ಕ್ಯಾಲ್ಸಿಯಂ ಇಲ್ಲದ ನೀರು ಕಟ್ಟಿದ ಚಿಪ್ಪನ್ನೇ ಕರಗಿಸಿ ತನ್ನ ಕೊರತೆ ತುಂಬಿಕೊಳ್ಳುತ್ತದೆ. ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಸಮುದ್ರನೊರೆಯ ಒಂದು ತುಂಡು ತಂದು ಎರಡೂ ಟಬ್ಬಿಗೆ ಹಾಕಿದ ಮೇಲೆ ಹುಳುಗಳು ಅದರ ಮೇಲೇ ಮುತ್ತಿ ಕೂತವು.

ತಿನ್ನಲು ಬೇಯಿಸಿದ ಹುರುಳಿಕಾಯಿ, ಸಿಹಿಗುಂಬಳದ ತೆಳು ಚೂರು, ಒಣಗಿದ ಹಲಸಿನೆಲೆ. ಔಷಧಿ ಹೊಡೆಯದ ಹಿತ್ತಲಿನ ಹಲಸಿನೆಲೆಯೇ ಆಗಬೇಕು. ಕಾಳುಮೆಣಸು ಹಬ್ಬಿಸಿದ ಮರದ ಎಲೆ ಬೇಡ, ಬಳ್ಳಿಗೆ ಹೊಡೆದ ಬೋರ್ಡೋ ಅದಕ್ಕೂ ತಾಗಿರುತ್ತದೆ. ತರಕಾರಿ ಮಾರನೇ ದಿನ ತೆಗೆಯದಿದ್ದರೆ ಟಬ್ ನಾರುತ್ತದೆ.

ಆರು ಮೀನಿಗೆ ವಾರಕ್ಕೆ 40ರಿಂದ 50 ಪುಟ್ಟ ಹುಳು ಬೇಕು. ಆ ಲೆಕ್ಕಕ್ಕೆ ಬರಲು ಆರು ವಾರ ಹಿಡಿಯಿತು.

ಸ್ಟ್ಯಾಂಡ್, ಮರಳು, ಬೊಡ್ಡೆ

ನೀರು 80 ಕಿಲೋ, ಮರಳು 22, ಗಾಜು ಸುಮಾರು 23, ಮರ ಸೇರಿ 130 ಕಿಲೋ. ಹಲಗೆ ನೆಲದ ಹಳೇ ಮನೆಯಾದರೆ ಗೋಡೆಗೆ ತಾಗಿಸಿ, ತೊಲೆಗೆ ಅಡ್ಡಲಾಗಿ ಇಡಬೇಕು. ರಸಮಟ್ಟ ಇಟ್ಟು ನೋಡಿ ಆಮೇಲೆ 10 ಮಿ.ಮೀ. ಥರ್ಮೋಕೋಲ್ ಹಾಸಿ ತೊಟ್ಟಿ ಕೂರಿಸುವುದು.

ಮರಳು 1ರಿಂದ 2 ಮಿ.ಮೀ., 5 ಸೆಂ.ಮೀ. ದಪ್ಪಕ್ಕೆ 22 ಕಿಲೋ. ತೊಳೆದ ನೀರು ತಿಳಿಯಾಗುವವರೆಗೆ ತೊಳೆಯುವುದು. ಗಿಡದ ತೊಟ್ಟಿಗೆಂದು ಮಾರುವ ಮಣ್ಣು, ಅಕ್ವಾಸಾಯಿಲ್, ಹಾಕದೇ ಇದ್ದುದಕ್ಕೆ ಕಾರಣ ಇದೆ: ಅದು ಕೆಎಚ್ ಎಳೆದುಕೊಂಡು ನೀರನ್ನು ಹುಳಿ ಮಾಡುತ್ತದೆ. ಗಡಸು ನೀರಿನ ಊರಿನಲ್ಲಿ ಅದು ಗುಣ, ಇಲ್ಲಿ ಅದೇ ದೋಷ. ತೋಟದ ಕೆಂಪು ಮಣ್ಣೂ ಬೇಡ, ವರ್ಷಗಟ್ಟಲೆ ಬಿದ್ದ ಬೋರ್ಡೋದ ತಾಮ್ರ ಅದರಲ್ಲಿ ಸೇರಿಕೊಂಡಿರುತ್ತದೆ. ಗಿಡದ ಬುಡಕ್ಕೆ ರೂಟ್ ಟ್ಯಾಬ್ (ಗೊಬ್ಬರದ ಗುಳಿಗೆ) ಸಾಕು.

ಕಿತ್ತು ಹಾಕಿದ ಕಾಫಿ ಗಿಡದ ಬೊಡ್ಡೆ ತೊಟ್ಟಿಗೆ ಚೆಂದದ ಮರ. ಗಟ್ಟಿ, ಬೇರೆಲ್ಲ ಕವಲು ಕವಲು, ಪಫರ್ ಅಡಗಲು ಹೇಳಿ ಮಾಡಿಸಿದ ಹಾಗೆ. ರೊಬಸ್ಟಾ ಬೊಡ್ಡೆಯನ್ನೇ ಆರಿಸಿ. ಅರೇಬಿಕಾದ ಕಾಂಡಕ್ಕೆ ಬಿಳಿ ಕಾಂಡಕೊರಕದ ಔಷಧಿ ಬಳಿದಿರುತ್ತಾರೆ. ರೊಬಸ್ಟಾದಲ್ಲೂ ಕಾಂಡ ಬಿಟ್ಟು ಮಣ್ಣಿನಡಿಯ ಬೇರಿನ ಭಾಗ ಮಾತ್ರ ತೆಗೆದುಕೊಂಡು, ಸಿಪ್ಪೆ ಪೂರ್ತಿ ಕೆತ್ತಿ, ಎರಡು ಗಂಟೆ ಕುದಿಸಿ, ಮೂರು ವಾರ ನೀರಿನಲ್ಲಿ ಮುಳುಗಿಸಿ, ಎರಡು ದಿನಕ್ಕೊಮ್ಮೆ ನೀರು ಚೆಲ್ಲುವುದು. ಕೊನೆಯ ವಾರ ಆ ನೀರಿಗೆ ಹತ್ತು ಬಸವನಹುಳು ಬಿಟ್ಟು ನೋಡಿ. ನಾಲ್ಕು ದಿನ ಓಡಾಡಿಕೊಂಡಿದ್ದರೆ ಬೊಡ್ಡೆ ತೊಟ್ಟಿಗೆ ಯೋಗ್ಯ. ಚಿಪ್ಪಿನೊಳಗೆ ಮುದುಡಿಕೊಂಡು ತಳಕ್ಕೆ ಬಿದ್ದಿದ್ದರೆ ಒಲೆಗೂ ಹಾಕದೆ ಎಸೆಯಿರಿ.

ಗಿಡ

ಆರಿಸಿದ್ದು ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಬೇಡದವು. ಹಿಂದೆ ವ್ಯಾಲಿಸ್ನೇರಿಯ ಮತ್ತು ಕ್ರಿಪ್ಟೊಕೊರೈನ್ ಸ್ಪೈರಾಲಿಸ್, ನಡುವೆ ಲಗೆನಾಂಡ್ರ ಮೀಬೋಲ್ಡಿಯೈ, ಬೊಡ್ಡೆಗೆ ಕಟ್ಟಿದ ಜಾವಾ ಫರ್ನ್, ಅನೂಬಿಯಸ್, ಜಾವಾ ಮಾಸ್, ಮೇಲೆ ತೇಲಲು ವಾಟರ್ ಸ್ಪ್ರೈಟ್. ಸ್ಪೈರಾಲಿಸ್ ಮತ್ತು ಮೀಬೋಲ್ಡಿಯೈ ಎರಡೂ ಪಶ್ಚಿಮ ಘಟ್ಟದವೇ. ಮೀನಿನ ಊರಿನ ಗಿಡವೇ ಮೀನಿನ ಜೊತೆ ಇರಲಿ ಅನ್ನುವ ಆಸೆ ಅದರಲ್ಲಿ ಇದ್ದದ್ದು ನಿಜ. ಹೊಳೆಯಿಂದ ಕಿತ್ತು ತರದೆ ನರ್ಸರಿಯದನ್ನೇ ಕೊಂಡದ್ದು.

ಗಿಡ ನೆಡುವಾಗ ಒಂದೇ ಲೆಕ್ಕ. ಒಂದು ತುದಿಯಿಂದ ನೋಡಿದರೆ ಇನ್ನೊಂದು ತುದಿ ಕಾಣಬಾರದು. ಕಣ್ಣಿಗೆ ಬಿದ್ದ ಪಫರನ್ನು ಇನ್ನೊಂದು ಗಂಡು ಬಿಡುವುದಿಲ್ಲ. ಮರೆಯಾದರೆ ಅಲ್ಲಿಗೇ ಮರೆಯುತ್ತದೆ. 80 ಲೀಟರಿನಲ್ಲಿ ಆರು ಮೀನು ಇರಬಹುದು ಅನ್ನುವುದು ಇಂಥ ಮೂರು ನಾಲ್ಕು ಕೋಣೆಗಳಾಗಿ ಒಡೆದ ತೊಟ್ಟಿಗೆ ಮಾತ್ರ ಅನ್ವಯ. ಬೋಳು ತೊಟ್ಟಿಗೆ ಒಂದೇ ಮೀನು.

ಎಲ್‌ಇಡಿ 18 ವ್ಯಾಟ್, 6500 ಕೆಲ್ವಿನ್, ದಿನಕ್ಕೆ ಏಳು ಗಂಟೆ, ಟೈಮರಿನಲ್ಲಿ. ಮೂರನೇ ವಾರ ಮರಳ ಮೇಲೆ ಕಂದು ಪಾಚಿ ಬಂತು, ಐದನೇ ವಾರ ತಾನಾಗಿ ಹೋಯಿತು.

ದಿನ 8ರಿಂದ 45: ಸೈಕಲ್, ಮತ್ತು ಅದು ನಿಂತದ್ದು

ಸೈಕಲ್ ಅಂದರೆ ಮೀನಿನ ಕಸದಿಂದ ಹುಟ್ಟುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾವನ್ನು ಮೀನು ಬರುವ ಮೊದಲೇ ಫಿಲ್ಟರಿನಲ್ಲಿ ಬೆಳೆಸುವುದು. ಫಿಲ್ಟರ್ ಎರಡು ಸ್ಪಾಂಜ್, ಒಂದು ಏರ್ ಪಂಪ್. ಪವರ್ ಫಿಲ್ಟರಿನ ಸೆಳೆತ ಈ ಮೀನಿಗೆ ಹಿಡಿಸದು, ಅದರ ಈಜು ನಿಧಾನ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಇಲ್ಲವೇ ಪೈಪಿಗೆ ಚೆಕ್ ವಾಲ್ವ್ ಹಾಕಿ. ಕರೆಂಟು ಹೋದಾಗ ನೀರು ಹಿಂದಕ್ಕೆ ಎಳೆದು ಪಂಪಿನೊಳಗೆ ಇಳಿಯುವುದು ಹಾಗೆಯೇ.

ಬ್ಯಾಕ್ಟೀರಿಯಾಕ್ಕೆ ಬೇಕಾದ ಅಮೋನಿಯಾಗೆ ಲ್ಯಾಬ್ ದರ್ಜೆಯ ನವಸಾಗರ (ಅಮೋನಿಯಂ ಕ್ಲೋರೈಡ್). 80 ಲೀಟರಿಗೆ 0.5 ಗ್ರಾಂ ಹಾಕಿದರೆ 2 ಪಿಪಿಎಂ, ಅಂದರೆ ಲೀಟರಿಗೆ 2 ಮಿ.ಗ್ರಾಂ. ಕಲಾಯಿಯವರ ನವಸಾಗರದಲ್ಲಿ ಬೇರೆ ಲೋಹ ಬೆರೆತಿರಬಹುದು, ಅದನ್ನು ಬಳಸಬೇಡಿ. ಜೊತೆಗೆ ಜಿಎಚ್ 6ಕ್ಕೆ ಏರಿಸಲು ಜಿಪ್ಸಂ 9.8 ಗ್ರಾಂ, ಎಪ್ಸಂ ಉಪ್ಪು 3.5 ಗ್ರಾಂ. ಜಿಪ್ಸಂ ಬೇಗ ಕರಗದು. ಬಾಟಲಿ ನೀರಿಗೆ ಹಾಕಿ ಕುಲುಕಿ, ಮಂಜಾದ ನೀರನ್ನೇ ತೊಟ್ಟಿಗೆ ಸುರಿದರೆ ಒಂದು ದಿನದಲ್ಲಿ ತಿಳಿಯಾಗುತ್ತದೆ.

ದಿನ 16ಕ್ಕೆ ಅಮೋನಿಯಾ ಇಳಿಯಿತು, ನೈಟ್ರೈಟ್ ಕಾಣಿಸಿತು. ಇನ್ನೊಂದು ಅರ್ಧ ಗ್ರಾಂ ಹಾಕಿದ್ದು. ದಿನ 21: ಅಮೋನಿಯಾ 1.5ರಲ್ಲೇ ನಿಂತಿದೆ. ದಿನ 24: ಅಷ್ಟೇ. ಪಿಎಚ್ ನೋಡಿದರೆ 5.8. ಕೆಎಚ್ ಕಿಟ್‌ಗೆ ಮೊದಲ ಹನಿಗೇ ಬಣ್ಣ ತಿರುಗಿತು, ಅಂದರೆ ಸೊನ್ನೆ.

ಇಲ್ಲಿ ತಪ್ಪಿದ್ದು ಜಿಎಚ್ ಏರಿಸಿ ಕೆಎಚ್ ಬಿಟ್ಟದ್ದು. ಎರಡೂ ಒಂದೇ ಅಂದುಕೊಳ್ಳುವವರು ಬಹಳ. ಜಿಪ್ಸಂನಿಂದ ಕ್ಯಾಲ್ಸಿಯಂ ಬರುತ್ತದೆ, ಹುಳಿಯನ್ನು ತಡೆಯುವ ಬೈಕಾರ್ಬೊನೇಟ್ ಬರುವುದಿಲ್ಲ. ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ. 2 ಪಿಪಿಎಂ ಅಮೋನಿಯಾ ಮುಗಿಯುವಷ್ಟರಲ್ಲಿ ಕೆಎಚ್ 0.6ರಷ್ಟು ಖರ್ಚಾಗುತ್ತದೆ. ಬಾವಿ ನೀರಿನಲ್ಲಿ ಇದ್ದದ್ದೇ 1. ಎರಡನೇ ಸಲಕ್ಕೆ ಅದು ಬರಿದಾಯಿತು, ಪಿಎಚ್ ಬಿತ್ತು, 6ಕ್ಕಿಂತ ಕೆಳಗೆ ಬ್ಯಾಕ್ಟೀರಿಯಾ ಕೆಲಸ ಹೆಚ್ಚುಕಡಿಮೆ ನಿಲ್ಲಿಸಿತು. ಬೇರೆ ಊರಿನ ಸಲಹೆ ಓದಿ ಸೈಕಲ್ ಮಾಡುವ ಕೊಡಗಿನವರಿಗೆ ಪದೇ ಪದೇ ಆಗುವುದು ಇದೇ. ಬ್ಯಾಕ್ಟೀರಿಯಾ ಬಾಟಲಿ ಎಷ್ಟು ಸುರಿದರೂ ಪರಿಹಾರವಾಗದು.

ಪರಿಹಾರ ಅಡುಗೆ ಸೋಡ. 30 ಮಿ.ಗ್ರಾಂ. ಸೋಡ ಒಂದು ಲೀಟರಿನ ಕೆಎಚ್ ಒಂದು ಏರಿಸುತ್ತದೆ. 80 ಲೀಟರಿಗೆ ಮೂರು ಏರಿಸಲು 7.2 ಗ್ರಾಂ, ಒಂದೇ ಸಲ ಬೇಡ, ಎರಡು ದಿನದಲ್ಲಿ. ಅಮೋನಿಯಾ ಇರುವ ತೊಟ್ಟಿಯಲ್ಲಿ ಮೀನಿದ್ದರೆ ಈ ಕೆಲಸ ಅಪಾಯ. ಪಿಎಚ್ ಏರಿದಂತೆ ನಿರುಪದ್ರವಿ ಅಮೋನಿಯಂ ವಿಷದ ಅಮೋನಿಯಾ ಆಗಿಬಿಡುತ್ತದೆ. ಮೀನಿಲ್ಲದ್ದರಿಂದ ಇಲ್ಲಿ ಚಿಂತೆ ಇರಲಿಲ್ಲ. ಜೊತೆಗೆ 200 ಗ್ರಾಂ ಪುಡಿ ಹವಳವನ್ನು ಬಲೆಚೀಲದಲ್ಲಿ ಕಟ್ಟಿ ಸ್ಪಾಂಜಿನ ಪಕ್ಕ ಇಟ್ಟದ್ದು. ನೀರು ಹುಳಿಯಾದಷ್ಟು ಅದು ಕರಗಿ ತಡೆಯುತ್ತದೆ.

ದಿನ 27ಕ್ಕೆ ಅಮೋನಿಯಾ ಸೊನ್ನೆ. ದಿನ 38ಕ್ಕೆ ನೈಟ್ರೈಟ್ ಸೊನ್ನೆ. ದಿನ 45ರಂದು 2 ಪಿಪಿಎಂ ಹಾಕಿದರೆ 24 ಗಂಟೆಯಲ್ಲಿ ಎರಡೂ ಸೊನ್ನೆ. ಅಲ್ಲಿಂದ ಬಸವನಹುಳುಗಳನ್ನು ತೊಟ್ಟಿಗೆ ಬಿಟ್ಟು ಬ್ಯಾಕ್ಟೀರಿಯಾಕ್ಕೆ ಊಟ ನಡೆಸಿದ್ದು.

ವಾರದ ನೀರು ಬದಲಿಗೆ 20 ಲೀಟರಿನ ಒಂದು ಕ್ಯಾನ್. ಅದಕ್ಕೆ ಸೋಡ 1.2 ಗ್ರಾಂ, ಜಿಪ್ಸಂ 2.5, ಎಪ್ಸಂ 0.9. ಆಭರಣ ತೂಗುವ ಪುಟ್ಟ ತಕ್ಕಡಿ ಬೇಕೇ ಬೇಕು, ಚಮಚದ ಲೆಕ್ಕ ನಂಬಲಾಗದು. ತೊಟ್ಟಿಯ ಟಿಡಿಎಸ್ ಸುಮಾರು 200ರಲ್ಲಿ ನಿಂತಿದೆ.

ಹೀಟರ್

ಜನವರಿಯ ಮುಂಜಾನೆ ಕೋಣೆ 15 ಡಿಗ್ರಿ ಇದ್ದರೆ ನೀರನ್ನು 25ಕ್ಕೆ ಹಿಡಿಯಲು ಈ ತೊಟ್ಟಿಗೆ ಹತ್ತಿರ ಹತ್ತಿರ 100 ವ್ಯಾಟ್ ಸತತ ಬೇಕು. 100 ವ್ಯಾಟಿನ ಒಂದು ಹೀಟರ್ ಬದಲು 50 ವ್ಯಾಟಿನ ಎರಡು ಹಾಕಿದ್ದು. ಹೀಟರಿನ ಸ್ವಿಚ್ ಅಂಟಿಕೊಂಡು ಆರದೇ ಹೋದರೆ 100 ವ್ಯಾಟ್ ಮೀನನ್ನು ಬೇಯಿಸಿಬಿಡುತ್ತದೆ, 50ಕ್ಕೆ ಆ ಶಕ್ತಿ ಇಲ್ಲ. ಒಂದು ಕೆಟ್ಟರೆ ಇನ್ನೊಂದು ಅರ್ಧ ಭಾರವಾದರೂ ಹೊರುತ್ತದೆ. ಮೇಲೆ ಗಾಜಿನ ಮುಚ್ಚಳ, ಹಿಂದೆ ಮತ್ತು ಎರಡೂ ಪಕ್ಕಕ್ಕೆ ಥರ್ಮೋಕೋಲ್.

ಮೀನು ಕೊಳ್ಳುವುದು

ಮೈಸೂರಿನಿಂದ ತಂದದ್ದು, 120 ಕಿ.ಮೀ. ಅಂಗಡಿಯವರಿಗೆ ಮೊದಲ ಪ್ರಶ್ನೆ: ಸಾಕಿ ಮರಿ ಮಾಡಿದ್ದೋ, ಹೊಳೆಯಲ್ಲಿ ಹಿಡಿದದ್ದೋ? ಈ ಮೀನು ಜಾಗತಿಕ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಪಟ್ಟಿಯಲ್ಲಿ ಅಪಾಯಕ್ಕೆ ಸಿಲುಕಬಹುದಾದ ಜಾತಿ. ಇಡೀ ಜಗತ್ತಿನಲ್ಲಿ ನಮ್ಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ಮಾರುಕಟ್ಟೆಯಲ್ಲಿ ಹೊಳೆಯಲ್ಲಿ ಹಿಡಿದದ್ದೇ ಹೆಚ್ಚು. ಸಾಕಿದ ಮರಿಗೆ ತಿಂಗಳು ಕಾದರೂ, ಎರಡರಷ್ಟು ಬೆಲೆ ಕೊಟ್ಟರೂ ನಷ್ಟವಿಲ್ಲ. ಅವು ಮನೆಯ ಊಟಕ್ಕೆ ಹೊಂದಿರುತ್ತವೆ, ಹೊಟ್ಟೆಹುಳ ಕಡಿಮೆ.

ಎರಡನೆಯದು, ಎದುರಿಗೇ ತಿನ್ನಿಸಿ ತೋರಿಸಲು ಹೇಳಿ. ಬ್ಲಡ್‌ವರ್ಮ್ (ನೀರಿನಲ್ಲಿ ಬೆಳೆಯುವ ಕೆಂಪು ಕೀಟಮರಿ) ಬಿದ್ದ ಕೂಡಲೇ ಹತ್ತಿರ ಬಂದು ತಲೆ ವಾಲಿಸಿ ನೋಡುವ ಮೀನು ಬೇಕು. ಹೊಟ್ಟೆಯನ್ನು ಕೆಳಗಿನಿಂದ ನೋಡಿ, ಗಲ್ಲದ ಹಿಂದೆ ಗುಳಿ ಬಿದ್ದಿದ್ದರೆ ಬಿಟ್ಟುಬಿಡಿ. ಮೈ ಕಪ್ಪಾಗಿ, ಬಾಲ ಮಡಚಿಕೊಂಡು ತಳದಲ್ಲಿ ಕೂತದ್ದೂ ಬೇಡ. ಬಲೆಯಲ್ಲಿ ಎತ್ತಲು ಬಿಡಬೇಡಿ. ಗಾಬರಿಯಲ್ಲಿ ಮೈ ಉಬ್ಬಿಸುವಾಗ ನೀರಿನ ಬದಲು ಗಾಳಿ ನುಂಗಿದರೆ ಅದನ್ನು ಹೊರಹಾಕಲು ಒದ್ದಾಡುತ್ತದೆ. ಲೋಟದಲ್ಲಿ ನೀರಿನ ಸಮೇತ ಎತ್ತಬೇಕು. ಒಂದು ಮೀನಿಗೆ ಒಂದು ಪ್ಯಾಕೆಟ್, ಒಟ್ಟಿಗೆ ಹಾಕಿದರೆ ದಾರಿಯಲ್ಲೇ ರೆಕ್ಕೆ ಕಚ್ಚಿಕೊಳ್ಳುತ್ತವೆ. ಪ್ಯಾಕೆಟ್ಟುಗಳೆಲ್ಲ ಥರ್ಮೋಕೋಲ್ ಡಬ್ಬಿಯಲ್ಲಿ, ಕುಶಾಲನಗರ ದಾಟಿ ಘಟ್ಟ ಹತ್ತುವಾಗ ಚಳಿ ಏರುತ್ತದೆ.

ಮರಿಗಳಲ್ಲಿ ಗಂಡು ಹೆಣ್ಣು ಗೊತ್ತಾಗದು. 2 ಸೆಂ.ಮೀ. ಆದ ಮೇಲೆ ಗಂಡಿನ ಹೊಟ್ಟೆಯ ನಡುವೆ ಉದ್ದಕ್ಕೆ ಕಪ್ಪು ಗೆರೆ ಮೂಡುತ್ತದೆ, ಕಣ್ಣಿನ ಹಿಂದೆ ಸುಕ್ಕಿನಂತೆ ಮಿಂಚುವ ಗೆರೆ ಕಾಣುತ್ತವೆ. ಹೆಣ್ಣು ಉರುಟು, ಚುಕ್ಕೆ ಹೆಚ್ಚು. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇರಬೇಕು. ಈ ಆರರಲ್ಲಿ ಎರಡು ಗಂಡು, ನಾಲ್ಕು ಹೆಣ್ಣು.

ಅಂಗಡಿಯ ನೀರಿನ ಟಿಡಿಎಸ್ 600 ಇದ್ದುದರಿಂದ ಹನಿಹನಿಯಾಗಿ ಎರಡು ಗಂಟೆ ಹೊಂದಿಸಿ, 25 ಲೀಟರಿನ ಬೇರೆ ಟಬ್ಬಿನಲ್ಲಿ ಮೂರು ವಾರ ಇಟ್ಟದ್ದು. ತೊಟ್ಟಿಯ ಎರಡು ಸ್ಪಾಂಜಿನಲ್ಲಿ ಒಂದನ್ನು ಅಲ್ಲಿಗೆ ಹಾಕಿ, ಮಾಸ್ ತುಂಬಿಸಿದ್ದು. ಒಂದು ಮೀನು ತಿಂದೂ ಸಣಕಲಾಗಿ, ಬಿಳೀ ದಾರದಂಥ ಮಲ ಹಾಕುತ್ತಿತ್ತು, ಹೊಟ್ಟೆಹುಳದ ಗುರುತು. ಲೆವಾಮಿಸೋಲ್ ಲೀಟರಿಗೆ 2 ಮಿ.ಗ್ರಾಂ., 25 ಲೀಟರಿಗೆ 50 ಮಿ.ಗ್ರಾಂ. ಪಶು ಔಷಧಿ ಅಂಗಡಿಯ ಪುಡಿಯಲ್ಲಿ ಮದ್ದಿನ ಪ್ರಮಾಣ ಎಷ್ಟು ಶೇಕಡಾ ಎಂದು ಪೊಟ್ಟಣದ ಮೇಲೆ ನೋಡಿ ಲೆಕ್ಕ ಹಾಕಬೇಕು. ಬೆಳಕಿಗೆ ಅದು ಕೆಡುವುದರಿಂದ ಟಬ್ ಮುಚ್ಚಿಟ್ಟು 24 ಗಂಟೆ, ಆಮೇಲೆ ತಳದ ಕಸ ಎಳೆದು ಬಹುಪಾಲು ನೀರು ಬದಲು. ಎರಡು ವಾರ ಬಿಟ್ಟು ಇನ್ನೊಮ್ಮೆ, ಮೊದಲ ಸಲ ಉಳಿದ ಮೊಟ್ಟೆ ಅಷ್ಟರಲ್ಲಿ ಒಡೆದಿರುತ್ತದೆ. ತಾಮ್ರ ಇರುವ ಯಾವ ಔಷಧಿಯೂ ಈ ಮೀನಿಗೆ ಬೇಡ, ಇದಕ್ಕೆ ಹೊರಗೆ ಹುರುಪೆಯ ರಕ್ಷಣೆ ಇಲ್ಲ.

ಊಟ

ದಿನಕ್ಕೆರಡು ಸಲ. ಬೆಳಗ್ಗೆ ಕರಗಿಸಿದ ಬ್ಲಡ್‌ವರ್ಮ್ ಮೀನಿಗೆ ನಾಲ್ಕೈದು, ಸಂಜೆ ಬಸವನಹುಳು ಅಥವಾ ಡಾಫ್ನಿಯಾ (ನೀರುಚಿಗಟ). ವಾರಕ್ಕೊಂದು ದಿನ ಉಪವಾಸ. ಬಸವನಹುಳು ಮೀನಿನ ಕಣ್ಣಿನಷ್ಟು ದೊಡ್ಡದರಿಂದ ಅದರ ಎರಡರಷ್ಟಿರಬೇಕು. ಸೊಳ್ಳೆಮರಿ ಇದಕ್ಕೆ ಪ್ರಾಣ. ಆದರೆ ಬಕೆಟ್ ತೆರೆದಿಟ್ಟು ಸಾಕಬೇಡಿ, ಒಂದೆರಡು ದಿನ ಮರೆತರೆ ಮನೆಗೇ ಡೆಂಗಿ ಕರೆದ ಹಾಗೆ.

ಬೇಟೆ ನೋಡುವಂಥದ್ದು. ಗಾಜಿನ ಮೇಲೆ ಹುಳು ಹರಿಯುತ್ತಿದ್ದರೆ ಪಫರ್ ಎರಡು ಬೆರಳು ದೂರದಲ್ಲಿ ಗಾಳಿಯಲ್ಲಿ ನಿಂತ ತುಂಬಿಯಂತೆ ನಿಲ್ಲುತ್ತದೆ. ಒಂದು ಕಣ್ಣು ಹುಳುವಿನ ಮೇಲೆ, ಇನ್ನೊಂದು ಸುತ್ತ ಹೊರಳುತ್ತಿರುತ್ತದೆ. ಬಾಲ ಮೈಗೆ ಸುತ್ತಿಕೊಳ್ಳುತ್ತದೆ. ಹುಳು ಕೊಂಬು ಹೊರಚಾಚುವವರೆಗೆ ಕಾದು, ಮೆತ್ತನೆಯ ಮೈಗೆ ಒಂದೇ ಕಚ್ಚು. ಚಿಪ್ಪು ಒಡೆದ ಸದ್ದು ಗಾಜಿನಾಚೆಗೂ ಚಿಟಿಕೆಯಂತೆ ಕೇಳುತ್ತದೆ. ಖಾಲಿ ಚಿಪ್ಪುಗಳು ಮರಳಲ್ಲೇ ಇರಲಿ, ನಿಧಾನ ಕರಗಿ ಕ್ಯಾಲ್ಸಿಯಂ ಕೊಡುತ್ತವೆ.

ಬೇರೆ ಮೀನು, ಸೀಗಡಿ ಜೊತೆಗೆ ಬೇಡ.

ಮಳೆಗಾಲ

ಜೂನ್ ಬಂದ ಮೇಲೆ ಮೂರು ತೊಂದರೆ ಒಟ್ಟಿಗೆ ಬಂದವು.

ಬಾವಿಗೆ ಬ್ಲೀಚಿಂಗ್ ಪೌಡರ್ ಬಿತ್ತು. ಮಳೆಗಾಲದಲ್ಲಿ ಅದು ಬೇಕಾದದ್ದೇ. ಕ್ಲೋರಿನ್ ತೆಗೆಯುವ ಹೈಪೋ (ಸೋಡಿಯಂ ಥಯೊಸಲ್ಫೇಟ್) ಹರಳು 10 ಗ್ರಾಂ 100 ಮಿ.ಲೀ. ನೀರಿಗೆ ಕರಗಿಸಿಟ್ಟು, 20 ಲೀಟರಿನ ಕ್ಯಾನಿಗೆ 2 ಮಿ.ಲೀ. ಹಾಕಿದರೆ ಒಂದು ಪಿಪಿಎಂ ಕ್ಲೋರಿನ್ ಹೋಗುತ್ತದೆ. ಪೌಡರ್ ಹಾಕಿದ ಎರಡು ಮೂರು ದಿನ ಆ ನೀರನ್ನು ಬಳಸದಿರುವುದೇ ಮೇಲು, ಒಂದು ಕ್ಯಾನ್ ಮುಂಚೆಯೇ ತುಂಬಿಟ್ಟುಕೊಳ್ಳಿ.

ತೋಟದಲ್ಲಿ ಬೋರ್ಡೋ ಹೊಡೆಯುವ ದಿನ ಕಿಟಕಿ ಮುಚ್ಚಿ, ತೊಟ್ಟಿಗೆ ಬಟ್ಟೆ ಹೊದೆಸಿ. ಸ್ಪ್ರೇ ಮಾಡಿದ ಕೈ ಆ ದಿನ ತೊಟ್ಟಿಗೆ ಇಳಿಯಬಾರದು.

ಮೂರನೆಯದು ಕರೆಂಟು. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಮರ ಬಿದ್ದು ಲೈನ್ ಹೋದರೆ ಒಂದೂವರೆ ಎರಡು ದಿನ ಆದರೂ ಆಯಿತು. ಮೊದಲು ಕಾಪಾಡಬೇಕಾದ್ದು ಗಾಳಿ. ಸ್ಪಾಂಜಿನ ಬ್ಯಾಕ್ಟೀರಿಯಾ ಉಸಿರಿಲ್ಲದೆ ಸತ್ತರೆ ಕರೆಂಟು ಬಂದ ಮೇಲೆ ಅಮೋನಿಯಾ ಏರಿ ಮೀನು ಸಾಯುತ್ತದೆ. ಒಂದು ವ್ಯಾಟಿನ ಯುಎಸ್‌ಬಿ ಪಂಪ್ 10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ಹೆಚ್ಚುಕಡಿಮೆ ಒಂದು ದಿನ ಓಡುತ್ತದೆ. ಎರಡು ಪವರ್ ಬ್ಯಾಂಕ್ ತುಂಬಿಸಿಟ್ಟರೆ ಸಾಕು. ಹೀಟರನ್ನು ಇನ್ವರ್ಟರಿಗೆ ಹಾಕಲು ಹೋಗಬೇಡಿ, ಮನೆಯ ದೀಪವೂ ಉಳಿಯದು. ಕಂಬಳಿ ಸುತ್ತಿ. ಕೋಣೆ 17 ಇದ್ದ ರಾತ್ರಿ ಎಂಟಕ್ಕೆ 25 ಇದ್ದ ನೀರು, ಥರ್ಮೋಕೋಲ್ ಮತ್ತು ಕಂಬಳಿಯೊಳಗೆ ಬೆಳಗ್ಗೆ ಆರಕ್ಕೆ 21.5 ಇತ್ತು. ಎರಡನೇ ರಾತ್ರಿಗೆ ಮುಚ್ಚಳ ಬಿಗಿಯಾಗಿ ಹಾಕಿದ ಬಿಸಿನೀರಿನ ಬಾಟಲಿ ತೇಲಿಬಿಟ್ಟು ಹಿಡಿದು ನಿಲ್ಲಿಸಿದ್ದು. ಆ ಎರಡು ದಿನ ಊಟ ಹಾಕಬಾರದು. ಫ್ರೀಜರಿನ ಬ್ಲಡ್‌ವರ್ಮ್ ಕರಗಿದ್ದರೆ ಮತ್ತೆ ಗಟ್ಟಿ ಮಾಡಿ ಬಳಸದೆ ಎಸೆಯಿರಿ.

ಜುಲೈ ನಡುವೆ ದೊಡ್ಡ ಗಂಡು ಎಡಮೂಲೆಯನ್ನು ತನ್ನದು ಮಾಡಿಕೊಂಡು ಇನ್ನೊಂದರ ಬಾಲ ಹರಿಯಿತು. ಹೊಡೆದ ಆ ದೊಡ್ಡ ಗಂಡನ್ನೇ ನಾಲ್ಕು ದಿನ ಟಬ್ಬಿನಲ್ಲಿ ಇಟ್ಟು, ಬೊಡ್ಡೆಯನ್ನು ತಿರುಗಿಸಿ, ವ್ಯಾಲಿಸ್ನೇರಿಯದ ಒಂದು ಸಾಲನ್ನು ಕಿತ್ತು ಅಡ್ಡಕ್ಕೆ ನೆಟ್ಟ ಮೇಲೆ ಮತ್ತೆ ಬಿಟ್ಟದ್ದು. ಗುರುತು ಹಿಡಿದ ಜಾಗವೇ ಇಲ್ಲದಂತಾಗಿ ಹಕ್ಕು ಮರೆಯಿತು. ಹರಿದ ಬಾಲ ಮೂರು ವಾರದಲ್ಲಿ ತುಂಬಿ ಬಂತು.

ಆಗಸ್ಟ್ ಲೆಕ್ಕ: ಪಿಎಚ್ 7.2, ಜಿಎಚ್ 6, ಕೆಎಚ್ 3, ನೈಟ್ರೇಟ್ 10. ಆರೂ ಮೀನು ಇವೆ. ಮಳೆಯ ಚಳಿಗೆ ಬಸವನಹುಳು ಮೊಟ್ಟೆ ಇಡುವುದು ಕಡಿಮೆಯಾಗಿ ವಾರಕ್ಕೆ 20ಕ್ಕೆ ಇಳಿದಿದೆ, ಟಬ್ಬಿನ ನೀರು 18 ಡಿಗ್ರಿ. ಮೂರನೇ ಟಬ್ಬಿಗೆ 25 ವ್ಯಾಟಿನ ಹೀಟರ್ ಬೇಕು, ಸೆಪ್ಟೆಂಬರಿಗೆ ಮುಂಚೆ.